ಕಾಲಡಿಯ ಕಾವು

ಹಾವೇರಿ ಸೀಮೆಗೆ ಬರುವ ಚಳಿ ಹಿಮಾಲಯದ ತಪ್ಪಲಿನ ಚಳಿಯಂತೆ ನೀರನ್ನು ಹೆಪ್ಪುಗಟ್ಟಿಸುವುದಿಲ್ಲ. ಮಲೆನಾಡಿನ ಸೆರಗು ಹಿಡಿದು ನಿಂತ ಹಾನಗಲ್ಲು, ಕನಕದಾಸರ ಬಾಡವನ್ನು ಮಡಿಲಲ್ಲಿರಿಸಿಕೊಂಡ ಶಿಗ್ಗಾಂವಿ, ವೀಳ್ಯದೆಲೆಗೆ ಹೆಸರಾದ ಸವಣೂರು, ಮದಗದ ಕೆರೆಗೆ ನೆರೆಯದಾದ ಹಿರೇಕೆರೂರು, ಈ ನಾಲ್ಕೂ ಊರುಗಳಲ್ಲಿ ಮಾರ್ಗಶಿರ ಪುಷ್ಯಗಳ ಬೆಳಗಿನ ಜಾವ ಒಂದು ಕಂಬಳಿಯನ್ನು ಹೊದೆದುಕೊಂಡರೆ ಸಾಕು, ದೊಡ್ಡವರ ಚಳಿ ಕಳೆಯುತ್ತದೆ. ಆದರೆ ಅದೇ ಚಳಿಯನ್ನು ತಾಳಲಾರದ ಎರಡು ಜೀವಗಳು ಈ ಸೀಮೆಯಲ್ಲಿವೆ. ಒಂದು, ಹುಟ್ಟಿ ಇನ್ನೂ ಹತ್ತು ದಿನ ತುಂಬದ ಕೂಸು. ಇನ್ನೊಂದು, ಮೊಟ್ಟೆಯೊಡೆದು ಆಗತಾನೆ ಹೊರಬಂದ ರೇಷ್ಮೆಯ ಹುಳು.

ಇವೆರಡಕ್ಕೂ ಕಾವು ಕೊಡಲು ಹಿರಿಯರು ಕಂಡುಕೊಂಡ ಉಪಾಯ ಒಂದೇ: ಕೆಂಡ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೇಗಡಿಯನ್ನಿಡುವ ರೂಢಿ ಉತ್ತರ ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಚಾಕಿ ಹುಳುಗಳ ಕೋಣೆಯಲ್ಲಿಯೂ ಇದ್ದಿಲ ಒಲೆಯನ್ನು ಹೊತ್ತಿಸಿಡುವ ರೈತರುಂಟು. ಕಾವು ಕೆಳಗಿನಿಂದ ಮೇಲಕ್ಕೆ ಬರಬೇಕು, ಮೈಗೆ ಗಾಳಿ ಬಡಿಯದೆ ಬಿಸಿ ತಾಗಬೇಕು ಎಂಬ ತಿಳಿವಳಿಕೆ ಆ ರೂಢಿಯಲ್ಲಿ ಅಡಗಿದೆ. ಆ ತಿಳಿವಳಿಕೆ ಸರಿಯಾದುದೇ. ತಪ್ಪಿರುವುದು ಕೆಂಡವನ್ನು ಕೋಣೆಯೊಳಗೆ ತಂದಿಡುವುದರಲ್ಲಿ.

ಕಾಣದ ಶತ್ರು

ಇದ್ದಿಲು ಉರಿಯುವಾಗ ಸಾಕಷ್ಟು ಗಾಳಿ ದೊರೆತರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗಾಳಿ ಸಾಲದೆ ಹೋದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಈ ಎರಡನೆಯ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣನ್ನಾಗಲಿ ಗಂಟಲನ್ನಾಗಲಿ ಅದು ಉರಿಸುವುದಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೊಗ್ಲೋಬಿನ್ ಎಂಬ ವಸ್ತು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮಿಕ್ಕ ಒಲವಿನಿಂದ ಈ ವಿಷಾನಿಲವನ್ನು ಅಪ್ಪಿಕೊಳ್ಳುತ್ತದೆ. ಒಮ್ಮೆ ಅಪ್ಪಿಕೊಂಡಿತೆಂದರೆ ಪ್ರಾಣವಾಯುವಿಗೆ ಅಲ್ಲಿ ಸ್ಥಳವಿರುವುದಿಲ್ಲ. ಮೊದಲು ತಲೆನೋವು, ಬಳಿಕ ಓಕರಿಕೆ, ಅನಂತರ ಮಂಪರು. ಹೆರಿಗೆಯ ದಣಿವಿನಿಂದ ಮಲಗಿದ ತಾಯಿಗೆ ಮಂಪರು ಬಂದರೆ ಅದನ್ನು ಯಾರೂ ರೋಗವೆಂದು ಬಗೆಯುವುದಿಲ್ಲ. 'ಪಾಪ, ನಿದ್ದೆ ಹತ್ತಿದೆ' ಎಂದು ಬಾಗಿಲನ್ನು ಮುಂದೆಳೆದು ಹೋಗುತ್ತಾರೆ. ಅಪಾಯವಿರುವುದು ಅಲ್ಲಿಯೇ. ಥಂಡಿ ತಾಗೀತೆಂದು ಕಿಟಕಿಯನ್ನು ಮುಚ್ಚಿ, ಸಂದಿಗೆ ಬಟ್ಟೆ ತುರುಕಿದ ಕೋಣೆಯಲ್ಲಿ ಶೇಗಡಿ ರಾತ್ರಿಯೆಲ್ಲ ಉಸಿರಾಡುತ್ತಿದ್ದರೆ, ಅಲ್ಲಿ ಮಲಗಿದವರ ಉಸಿರಿಗೆ ಉಳಿಯುವುದೇನು?

ಹುಳುವಿನ ಪಾಡೂ ಇದೇ. ಚಾಕಿಯ ಮೊದಲೆರಡು ಹಂತಗಳಲ್ಲಿ ರೇಷ್ಮೆ ಹುಳುವಿಗೆ 27ರಿಂದ 28 ಡಿಗ್ರಿ ಸೆಂಟಿಗ್ರೇಡ್ ಕಾವೂ ಶೇಕಡ 85ರಿಂದ 90ರಷ್ಟು ತೇವವೂ ಬೇಕು. ಕೆಂಡ ಕಾವನ್ನು ಕೊಡುತ್ತದೆ. ಜೊತೆಗೆ ಗಾಳಿಯನ್ನು ಒಣಗಿಸಿ ಕೆಡಿಸುತ್ತದೆ. ಒಲೆಯ ಬಳಿಯ ತಟ್ಟೆಯ ಹುಳು ಬೇಯುತ್ತದೆ, ಮೂಲೆಯ ತಟ್ಟೆಯದು ನಡುಗುತ್ತದೆ. ಬೆಳೆ ಏಕಸಮನಾಗಿ ಹಣ್ಣಾಗದಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಕಾವನ್ನು ಒಳಗಿಟ್ಟು ಬೆಂಕಿಯನ್ನು ಹೊರಗಿಡುವುದು ಸಾಧ್ಯವೇ? ಸಾಧ್ಯವೆಂದು ಲೋಕದ ಬೇರೆ ಬೇರೆ ಮೂಲೆಗಳ ಜನ ಹಿಂದೆಯೇ ಉತ್ತರ ಕೊಟ್ಟಿದ್ದಾರೆ.

ಹೊಗೆಯಿಂದ ನೀರಿಗೆ

ರೋಮನರು ತಮ್ಮ ಸ್ನಾನಗೃಹಗಳ ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಹೊರಗಣ ಒಲೆಯ ಬಿಸಿಗಾಳಿ ಅದರಡಿಯಲ್ಲಿ ಹರಿಯುವಂತೆ ಮಾಡುತ್ತಿದ್ದರು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾಸ್ತುತಜ್ಞ ವಿಟ್ರುವಿಯಸ್ ತನ್ನ ಗ್ರಂಥದಲ್ಲಿ ಇದರ ರಚನೆಯನ್ನು ವಿವರಿಸಿದ್ದಾನೆ. ಕೊರಿಯಾ ದೇಶದವರು ಇದನ್ನು ಸ್ನಾನಗೃಹಕ್ಕೆ ಮೀಸಲಾಗಿಡದೆ ಮನೆಯ ಮಾತಾಗಿಸಿಕೊಂಡರು. ಅಡುಗೆಯ ಒಲೆಯ ಹೊಗೆ ಮಲಗುವ ಕೋಣೆಯ ಕಲ್ಲುಹಾಸಿನ ಕೆಳಗೆ ಸಾಗಿ, ಕಲ್ಲನ್ನು ಕಾಯಿಸಿ, ಆಚೆಯ ಚಿಮಣಿಯಿಂದ ಹೊರಬೀಳುತ್ತಿತ್ತು. 'ಒಂದೋಲ್' ಎಂಬ ಆ ಹೆಸರಿನ ಅರ್ಥವೇ ಬೆಚ್ಚನೆಯ ಕಲ್ಲು. ಉಣ್ಣುವುದು, ಓದುವುದು, ಮಲಗುವುದು ಎಲ್ಲವೂ ಆ ನೆಲದ ಮೇಲೆಯೇ.

ಆದರೆ ಕೊರಿಯಾದ ಕಥೆಯಲ್ಲಿ ಒಂದು ಕಹಿ ಅಧ್ಯಾಯವುಂಟು. 20ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಸೌದೆಯ ಬದಲು ಕಲ್ಲಿದ್ದಲಿನ ಉಂಡೆಗಳು ಬಳಕೆಗೆ ಬಂದವು. ನೆಲದ ಕಲ್ಲುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಅದರಿಂದ ಒಸರಿದ ಮಾನಾಕ್ಸೈಡ್ ಮಲಗಿದ್ದ ಸಂಸಾರವನ್ನೇ ಬಲಿ ತೆಗೆದುಕೊಳ್ಳುತ್ತಿತ್ತು. 1960 ಮತ್ತು 1970ರ ದಶಕಗಳಲ್ಲಿ ಇಂಥ ಸಾವುಗಳು ಆ ದೇಶವನ್ನು ಬಹಳವಾಗಿ ಕಾಡಿದವು. ಕೊರಿಯನರು ಅದಕ್ಕಾಗಿ ಬೆಚ್ಚನೆಯ ನೆಲವನ್ನು ಕೈಬಿಡಲಿಲ್ಲ. ನೆಲದಡಿಯಲ್ಲಿ ಹೊಗೆಯನ್ನು ಹರಿಸುವ ಬದಲು ಕೊಳವೆಯೊಳಗೆ ಬಿಸಿನೀರನ್ನು ಹರಿಸಿದರು. ನೀರು ಸೋರಿದರೆ ನೆಲ ತೊಯ್ಯುತ್ತದೆ, ಜೀವ ಹೋಗುವುದಿಲ್ಲ. ಇಂದು ಆ ದೇಶದ ಬಹುಮಹಡಿ ಮನೆಗಳಲ್ಲಿಯೂ ನೆಲ ಕಾಯುವುದು ನೀರಿನಿಂದಲೇ.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಟೋಕಿಯೊ ನಗರದಲ್ಲಿ ಕೊರಿಯಾ ಮಾದರಿಯ ಕೋಣೆಯೊಂದರಲ್ಲಿ ಕುಳಿತು ಆ ಸುಖವನ್ನು ಕಂಡವನು. 1937ರಲ್ಲಿ ಮ್ಯಾಡಿಸನ್ ಪಟ್ಟಣದಲ್ಲಿ ಕಟ್ಟಿದ ಜೇಕಬ್ಸ್ ಮನೆಯ ನೆಲದಡಿಯಲ್ಲಿ ಕೊಳವೆಗಳನ್ನು ಹಾಸಿ ಕಾವು ಕೊಟ್ಟನು. ಎರಡನೆಯ ಮಹಾಯುದ್ಧದ ಬಳಿಕ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಎದ್ದ ಲೆವಿಟ್‌ಟೌನ್ ಬಡಾವಣೆಯ ಸಾವಿರಾರು ಮನೆಗಳ ನೆಲದಲ್ಲಿ ತಾಮ್ರದ ಕೊಳವೆಗಳನ್ನು ಹೂತರು. ವರುಷಗಳು ಕಳೆದಂತೆ ಲೋಹದ ಕೊಳವೆಗಳು ಕಾಂಕ್ರೀಟಿನೊಳಗೆ ಸವೆದು ತೂತಾಗತೊಡಗಿದವು. ನೆಲವನ್ನು ಅಗೆಯದೆ ಅವುಗಳನ್ನು ದುರಸ್ತಿ ಮಾಡುವಂತಿರಲಿಲ್ಲ. ಲೋಹಕ್ಕೆ ಬದಲಾದ ವಸ್ತು ಬೇಕಾಗಿತ್ತು.

ಬಲೆಯಂತೆ ಹೆಣೆದ ಪ್ಲಾಸ್ಟಿಕ್

1933ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ಪ್ರಯೋಗಶಾಲೆಯೊಂದರಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಆಕಸ್ಮಿಕವಾಗಿ ದೊರೆತ ಮೇಣದಂಥ ಬಿಳಿಯ ವಸ್ತುವೇ ಪಾಲಿಥೀನ್. ಅದರ ಅಣುಗಳು ಉದ್ದುದ್ದನೆಯ ದಾರಗಳಂತೆ ಒಂದರ ಮೇಲೊಂದು ಬಿದ್ದಿರುತ್ತವೆ. ಬಿಸಿ ತಾಗಿದರೆ ಜಾರಾಡುತ್ತವೆ. ಆದುದರಿಂದ ಸಾಮಾನ್ಯ ಪಾಲಿಥೀನ್ ಕೊಳವೆ ಬಿಸಿನೀರಿಗೆ ಮೆದುವಾಗಿ ಉಬ್ಬುತ್ತದೆ. 1960ರ ದಶಕದ ಕೊನೆಗೆ ಜರ್ಮನಿಯ ಥಾಮಸ್ ಎಂಗೆಲ್ ಈ ದಾರಗಳನ್ನು ಅಡ್ಡಡ್ಡಲಾಗಿ ಒಂದಕ್ಕೊಂದು ಗಂಟುಹಾಕುವ ವಿಧಾನವೊಂದನ್ನು ರೂಪಿಸಿದನು. ಬಿಡಿ ನೂಲು ಬಲೆಯಾಯಿತು. ಕಾದರೂ ಎಳೆಗಳು ಜಾರದಾದವು. 1970ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ಇದರಿಂದ ಕೊಳವೆಗಳು ತಯಾರಾಗತೊಡಗಿದವು. ಇಂದು 'ಪೆಕ್ಸ್' ಎಂದು ಕರೆಯಿಸಿಕೊಳ್ಳುವುದು ಇದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಸವಣೂರು, ಹಿರೇಕೆರೂರುಗಳ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕೊಳವೆಗೇನೂ ಬರವಿಲ್ಲ. ಬೋರಿನ ಕೊಳವೆಯುಂಟು, ಹನಿ ನೀರಾವರಿಯ ಕರಿಯ ಕೊಳವೆಯುಂಟು, ಮನೆಯ ನಲ್ಲಿಗೆ ಜೋಡಿಸುವ ಪಿವಿಸಿ ಉಂಟು. 'ಎಲ್ಲವೂ ಪ್ಲಾಸ್ಟಿಕ್ಕೇ ತಾನೆ, ಯಾವುದನ್ನು ಹೂತರೇನು?' ಎಂಬ ಉಳಿತಾಯದ ಯೋಚನೆ ಸಹಜವಾದರೂ ದುಬಾರಿಯಾದುದು. ಪಿವಿಸಿಯ ಬಲ ಬಿಸಿಯೇರಿದಂತೆ ಇಳಿಯುತ್ತದೆ. 60 ಡಿಗ್ರಿಯ ಹೊತ್ತಿಗೆ ಒತ್ತಡ ತಾಳುವ ಶಕ್ತಿ ಅದರಲ್ಲಿ ಉಳಿದಿರುವುದಿಲ್ಲ. ಹನಿ ನೀರಾವರಿಯ ಕೊಳವೆ ತಣ್ಣೀರಿಗೆ ಹುಟ್ಟಿದ್ದು. ಬಿಸಿನೀರಿಗೆಂದೇ ಮಾಡಿದ ಸಿಪಿವಿಸಿ ಕಾವನ್ನು ತಾಳೀತು. ಆದರೆ ಅದು ಬಾಗುವುದಿಲ್ಲವಾದ್ದರಿಂದ ನೆಲದೊಳಗೆ ಹತ್ತಾರು ಕಡೆ ಬೆಸುಗೆ ಹಾಕಬೇಕಾಗುತ್ತದೆ. ನೆಲದೊಳಗೆ ಒಂದೂ ಜೋಡಣೆ ಇರಕೂಡದೆಂಬುದು ಈ ವಿದ್ಯೆಯ ಮೊದಲನೆಯ ಸೂತ್ರ. ಸುರುಳಿಯಿಂದ ಬಿಚ್ಚಿದ ಒಂದೇ ಕೊಳವೆ ಗೋಡೆಯ ಪೆಟ್ಟಿಗೆಯಿಂದ ಹೊರಟು ನೆಲವನ್ನೆಲ್ಲ ಸುತ್ತಿ ಅದೇ ಪೆಟ್ಟಿಗೆಗೆ ಮರಳಬೇಕು.

ಪೆಕ್ಸ್ ಕೊಳವೆಗೂ ಒಂದು ಗುಟ್ಟಿನ ದೋಷವಿತ್ತು. ನೀರು ಹೊರಗೆ ಸೋರದಿದ್ದರೂ ಹೊರಗಿನ ಪ್ರಾಣವಾಯು ಅದರ ಗೋಡೆಯ ಮೂಲಕ ಮೆಲ್ಲಮೆಲ್ಲನೆ ಒಳಗೆ ನುಸುಳುತ್ತಿತ್ತು. ಪ್ಲಾಸ್ಟಿಕ್ಕಿಗೆ ಅದರಿಂದ ಬಾಧೆಯಿಲ್ಲ. ಆದರೆ ಪಂಪು, ಕಡಾಯಿಗಳ ಕಬ್ಬಿಣ ತುಕ್ಕು ಹಿಡಿದು ಕೊಳವೆಯಲ್ಲಿ ಕೆಸರು ತುಂಬುತ್ತಿತ್ತು. ಯುರೋಪಿನಲ್ಲಿ ಇದನ್ನು ಅನುಭವಿಸಿ ತಿಳಿದ ಮೇಲೆ, ಕೊಳವೆಗೆ ಪ್ರಾಣವಾಯುವನ್ನು ತಡೆಯುವ ತೆಳುವಾದ ಪದರವೊಂದನ್ನು ಸೇರಿಸತೊಡಗಿದರು. ಜರ್ಮನಿಯ 'ಡಿನ್ 4726' ಎಂಬ ನಿಯಮ ಇದಕ್ಕೆ ಅಳತೆಯನ್ನು ಗೊತ್ತುಮಾಡಿತು. ಕೊಳ್ಳುವಾಗ ಈ ತಡೆಪದರವಿದೆಯೇ ಎಂದು ಕೇಳಿ ಕೊಳ್ಳುವುದು ಜಾಣತನ.

ಎಷ್ಟು ಬಿಸಿ ಸಾಕು?

ನೆಲವನ್ನು ಕಾಯಿಸುವುದೆಂದರೆ ಹಂಚಿನಂತೆ ಕಾಯಿಸುವುದೆಂದು ತಿಳಿಯಬಾರದು. ಜನ ವಾಸಿಸುವ ಕೋಣೆಯ ನೆಲದ ಮೇಲ್ಮೈ 29 ಡಿಗ್ರಿಯನ್ನು ಮೀರಬಾರದೆಂದು ಯುರೋಪಿನ ನಿಯಮ ಹೇಳುತ್ತದೆ. ಜನ ಸುಳಿಯದ ಗೋಡೆಯಂಚಿಗೆ 35 ಡಿಗ್ರಿಯವರೆಗೆ ಅವಕಾಶವಿದೆ. ಮನುಷ್ಯನ ಚರ್ಮದ ಕಾವೇ ಸುಮಾರು 33 ಡಿಗ್ರಿ ಇರುವುದರಿಂದ 29 ಡಿಗ್ರಿಯ ನೆಲವನ್ನು ಕೈಯಿಂದ ಮುಟ್ಟಿದರೆ 'ಬಿಸಿ' ಎನ್ನಿಸುವುದೇ ಇಲ್ಲ. 'ತಣ್ಣಗಿಲ್ಲ' ಎನ್ನಿಸುತ್ತದೆ, ಅಷ್ಟೇ. ಅಷ್ಟರಿಂದಲೇ ಕೋಣೆ ಬೆಚ್ಚಗಾಗುವುದು ಹೇಗೆ? ಸೂರ್ಯನ ಕಾವು ನಡುವಿನ ಶೂನ್ಯವನ್ನು ದಾಟಿ ಬರುವಂತೆ, ನೆಲದ ಕಾವಿನ ಅರ್ಧದಷ್ಟು ಗಾಳಿಯ ಹಂಗಿಲ್ಲದೆ ವಿಕಿರಣವಾಗಿ ಹೊರಟು ಗೋಡೆಗೂ ಮೈಗೂ ತಾಗುತ್ತದೆ. ಉಳಿದ ಅರ್ಧವನ್ನು ನೆಲಕ್ಕೆ ತಗಲಿದ ಗಾಳಿ ಮೇಲಕ್ಕೊಯ್ಯುತ್ತದೆ. ಬಿಸಿಗಾಳಿಯ ಯಂತ್ರವಾದರೆ ತಲೆಯನ್ನು ಕಾಯಿಸಿ ಕಾಲನ್ನು ತಣ್ಣಗಿಡುತ್ತದೆ. ಬೆಚ್ಚನೆಯ ನೆಲದ ರೀತಿ ಇದಕ್ಕೆ ವಿರುದ್ಧ.

ಲೆಕ್ಕವೊಂದನ್ನು ಹಾಕಿ ನೋಡಬಹುದು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯೆಂದರೆ ಸುಮಾರು 11 ಚದರ ಮೀಟರ್. ಹಸುಗೂಸಿನ ಕೋಣೆ 25 ಡಿಗ್ರಿಗಿಂತ ಕಡಿಮೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೆಲ 29, ಗಾಳಿ 25 ಎಂದಿಟ್ಟುಕೊಂಡರೆ ಒಂದು ಚದರ ಮೀಟರ್ ನೆಲ ಸುಮಾರು 40 ವಾಟ್ ಕಾವನ್ನು ಕೊಡುತ್ತದೆ. ಇಡಿಯ ಕೋಣೆಗೆ ಸುಮಾರು 450 ವಾಟ್. ಆರಂಗುಲಕ್ಕೊಂದು ಸಾಲಿನಂತೆ ಹಾಸಿದರೆ ಕೊಳವೆಯ ಉದ್ದ 73 ಮೀಟರ್ ಆಗುತ್ತದೆ. 16 ಮಿಲಿಮೀಟರ್ ಕೊಳವೆಯ ಒಂದು ಸುತ್ತು 100 ಮೀಟರನ್ನು ಮೀರಬಾರದಾದ್ದರಿಂದ ಒಂದೇ ಸುತ್ತಿನಲ್ಲಿ ಕೋಣೆ ಮುಗಿಯುತ್ತದೆ. ಅದರೊಳಗೆ ಹಿಡಿಸುವ ನೀರು ಎಂಟು ಲೀಟರಿಗೆ ತುಸು ಹೆಚ್ಚು. ನಿಮಿಷಕ್ಕೆ ಒಂದೂಕಾಲು ಲೀಟರ್ ನೀರು ಹರಿದು, ಹೋಗುವಾಗಿನದಕ್ಕಿಂತ ಐದು ಡಿಗ್ರಿ ತಣ್ಣಗಾಗಿ ಮರಳಿದರೆ ಲೆಕ್ಕ ಸರಿಹೋಗುತ್ತದೆ.

ಈ 450 ವಾಟ್ ಸಾಕಾಗುವುದೇ ಎಂಬುದನ್ನು ನಿರ್ಧರಿಸುವುದು ನೆಲವಲ್ಲ, ಮಾಡು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗೆ ಹೊರಗಿನ ಚಳಿ 15 ಡಿಗ್ರಿ ಇರುವ ರಾತ್ರಿಯೂ ಇದು ಸಾಕಾದೀತು. ತಗಡಿನ ಮಾಡಿನ ಕೋಣೆಗೆ ಸಾಲದು. ಅಲ್ಲಿ ಮೊದಲು ಮಾಡಿಗೆ ಒಳಹೊದಿಕೆ ಹಾಕಬೇಕು. ನೆಲವನ್ನು ಇನ್ನಷ್ಟು ಕಾಯಿಸಿ ಕೊರತೆಯನ್ನು ತುಂಬಿಕೊಳ್ಳುವ ಆಸೆ ಬೇಡ. ದೊಡ್ಡವರು ಬಿಸಿಯೆನಿಸಿದರೆ ಮಗ್ಗುಲು ಬದಲಿಸುತ್ತಾರೆ; ಕೂಸು ಇಟ್ಟಲ್ಲಿಯೇ ಇರುತ್ತದೆ. 45 ಡಿಗ್ರಿಯ ಆಸುಪಾಸಿನ ಮೇಲ್ಮೈ ಕೂಡ ಗಂಟೆಗಟ್ಟಲೆ ಮೈಗೆ ಒತ್ತಿಕೊಂಡಿದ್ದರೆ ಸುಡುವುದುಂಟು.

ಚಾಕಿ ಕೋಣೆಯಲ್ಲಿ ಮಲಗುವವರಿಲ್ಲವಾದ್ದರಿಂದ ನೆಲವನ್ನು 35 ಡಿಗ್ರಿಯವರೆಗೆ ಏರಿಸಬಹುದು. ಗಾಳಿ 27 ಡಿಗ್ರಿಯಿದ್ದರೆ ಅಷ್ಟೇ ಅಗಲದ ನೆಲದಿಂದ 950 ವಾಟಿನಷ್ಟು ಕಾವು ಬರುತ್ತದೆ. ಬೆಂಕಿಯಿಲ್ಲದುದರಿಂದ ವಿಷಾನಿಲವಿಲ್ಲ, ಕಾವೆಲ್ಲ ಒಂದು ಮೂಲೆಯಿಂದಲೇ ಬರುವ ತೊಂದರೆಯೂ ಇಲ್ಲ. ಬೇಕಾದ ತೇವವನ್ನು ಎಂದಿನಂತೆ ಪ್ರತ್ಯೇಕವಾಗಿ ಒದಗಿಸಬೇಕು.

ನೆಲದೊಳಗಿನ ಪದರಗಳು

ಕೊಳವೆಯನ್ನು ಹಾಸುವ ಮುನ್ನ ಭೂಮಿಯ ಗುಣವನ್ನು ತಿಳಿಯಬೇಕು. ಸವಣೂರಿನ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ನೆಲ ಹಾಕಿದರೆ ನೆಲವೂ ಅದರೊಡನೆ ಏರಿಳಿದು ಸೀಳುತ್ತದೆ. ಎರೆಮಣ್ಣನ್ನು ಆಳಕ್ಕೆ ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸು ಹೊಡೆದ ಮೇಲೆಯೇ ಮುಂದಿನ ಕೆಲಸ. ಮಳೆ ಹೆಚ್ಚಾದ ಹಾನಗಲ್ಲಿನ ಕಡೆ ಕೆಳಗಿನ ಥಂಡಿಯೇ ಶತ್ರು; ತೇವ ಮೇಲೇರದಂತೆ ದಪ್ಪ ಪಾಲಿಥೀನ್ ಹಾಳೆಯನ್ನು ತಪ್ಪದೆ ಹಾಸಬೇಕು.

ಹಾಳೆಯ ಮೇಲೆ ಗಟ್ಟಿಜಾತಿಯ ಥರ್ಮಾಕೋಲ್ ಹಲಗೆ. ಇದಿಲ್ಲದಿದ್ದರೆ ಕಾವಿನ ಬಹುಪಾಲು ಭೂಮಿತಾಯಿಯ ಒಡಲಿಗೇ ಹೋಗುತ್ತದೆ. ಗೆದ್ದಲು ಥರ್ಮಾಕೋಲನ್ನೂ ಕೊರೆಯುವುದರಿಂದ ಬುನಾದಿಗೆ ಗೆದ್ದಲಿನ ಔಷಧ ಹಾಕುವುದನ್ನು ಮರೆಯಬಾರದು. ನಾಲ್ಕೂ ಗೋಡೆಗಳ ಬುಡದಲ್ಲಿ ಮೆತ್ತನೆಯ ಪಟ್ಟಿ ಇಡಬೇಕು. ಕಾದ ನೆಲ ಹಿಗ್ಗಲು ಜಾಗ ಬೇಕಲ್ಲವೇ? ಹಲಗೆಯ ಮೇಲೆ ಕೊಳವೆಯನ್ನು ಹಾವಿನಂತೆ ಅತ್ತಿಂದಿತ್ತ ಹರಿಸಿದರೆ ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ ಆಗುತ್ತದೆ. ಚಕ್ಕುಲಿಯಂತೆ ಸುತ್ತುತ್ತ ನಡುವಿಗೆ ಹೋಗಿ, ಅದೇ ಸುತ್ತಿನ ಸಂದಿನಲ್ಲಿ ಹೊರಗೆ ಬಂದರೆ, ಹೋಗುವ ಬಿಸಿನೀರಿನ ಪಕ್ಕದಲ್ಲಿ ಮರಳುವ ತಣ್ಣೀರು ಬಂದು ನೆಲವೆಲ್ಲ ಒಂದೇ ಹದವಾಗುತ್ತದೆ. ಬಾಗಿಸುವಾಗ ತಿರುವಿನ ತ್ರಿಜ್ಯ ಕೊಳವೆಯ ದಪ್ಪದ ಐದು ಪಟ್ಟಿಗಿಂತ ಕಡಿಮೆಯಾಗದಿರಲಿ. ಮಡಿಕೆ ಬಿದ್ದ ಕೊಳವೆಯನ್ನು ಹೂಳಲೇಬಾರದು.

ಗಾರೆ ಸುರಿಯುವ ಮೊದಲು ಪರೀಕ್ಷೆ. ಕೊಳವೆಗೆ ನೀರು ತುಂಬಿ 4ರಿಂದ 6 ಬಾರ್ ಒತ್ತಡ ಕೊಟ್ಟು ಮಾಪಕದ ಮುಳ್ಳನ್ನು ಗಮನಿಸಬೇಕು. ಗಾರೆ ಸುರಿಯುವಾಗಲೂ ಒತ್ತಡ ಹಾಗೆಯೇ ಇರಲಿ. ಕೆಲಸದವನ ಸಲಿಕೆ ತಾಗಿ ತೂತು ಬಿದ್ದರೆ ಮುಳ್ಳು ಆ ಗಳಿಗೆಯಲ್ಲಿಯೇ ಹೇಳುತ್ತದೆ. ಕೊಳವೆ ಕಾಣುತ್ತಿರುವಾಗಲೇ ಅಳತೆ ಸಹಿತ ಚಿತ್ರವೊಂದನ್ನು ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಡಬೇಕು. ಹತ್ತು ವರುಷಗಳ ಮೇಲೆ ನೆಲಕ್ಕೆ ಮೊಳೆ ಹೊಡೆಯಬಂದವನಿಗೆ ಆ ಚಿತ್ರವೇ ದಿಕ್ಕು. ಕೊಳವೆಯ ಮೇಲೆ ಸುಮಾರು 45 ಮಿಲಿಮೀಟರ್ ಗಾರೆ, ಅದರ ಮೇಲೆ ಶಹಾಬಾದಿ ಫರಸಿ ಹಾಸಿದರೆ ಕಾವಿಗೆ ಬಹಳ ಅನುಕೂಲ; ಮರದ ಹಲಗೆ, ದಪ್ಪ ಜಮಖಾನೆಗಳು ಕಾವನ್ನು ತಡೆಯುತ್ತವೆ. ಹಸಿಯ ಸಿಮೆಂಟನ್ನು ಕಾಯಿಸಲು ಅವಸರಪಡಬಾರದು. ಇಪ್ಪತ್ತೊಂದು ದಿನ ಕಳೆದ ಮೇಲೆ ಮೂರು ದಿನ 25 ಡಿಗ್ರಿಯ ನೀರನ್ನು ಹರಿಸಿ, ಬಳಿಕ ನಾಲ್ಕು ದಿನ ಪೂರ್ಣ ಕಾವಿನಲ್ಲಿಡುವುದು ಕ್ರಮ.

ನಾಲ್ಕು ಕಾವಲುಗಾರರು

ಬಿಸಿನೀರಿಗೆ ಮೂಲವೇನು? ಕರ್ನಾಟಕದ ಮನೆಮನೆಯ ಮಾಳಿಗೆಯ ಮೇಲೆ ಕಾಣುವ ಸೌರ ಜಲತಾಪಕವೇ ಸಾಕು. 100 ಲೀಟರ್ ನೀರು 60 ಡಿಗ್ರಿಯಿಂದ 35 ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಕಾವು 2.9 ಯೂನಿಟ್ ವಿದ್ಯುತ್ತಿಗೆ ಸಮ. ಮೇಲಿನ ಕೋಣೆಗೆ ಅದು ಆರು ಗಂಟೆಗೂ ಮಿಕ್ಕಿ ಬರುತ್ತದೆ. ಎಂದರೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ. ಮೋಡ ಮುಸುಕಿದ ದಿನಕ್ಕೆ ವಿದ್ಯುತ್ತಿನ ನೆರವಿರಬೇಕು.

ಆದರೆ ಸೌರ ತೊಟ್ಟಿಯ 60 ಡಿಗ್ರಿಯ ನೀರು ನೇರವಾಗಿ ನೆಲಕ್ಕೆ ಬರಕೂಡದು. ಅದಕ್ಕಾಗಿ ಮೊದಲನೆಯ ಕಾವಲುಗಾರನಾಗಿ ಮಿಶ್ರಣದ ಕವಾಟ. ಮರಳಿ ಬಂದ ತಣ್ಣೀರನ್ನು ಬೆರೆಸಿ 35-40 ಡಿಗ್ರಿಯ ಹದಕ್ಕೆ ತರುವುದು ಅದರ ಕೆಲಸ. ಕವಾಟ ಸಿಕ್ಕಿಕೊಂಡರೆ? ಎರಡನೆಯವನು ಎಚ್ಚರವಾಗಿರುತ್ತಾನೆ: ನೀರಿನ ಕಾವು ಮಿತಿಮೀರಿದೊಡನೆ ಪಂಪಿನ ವಿದ್ಯುತ್ತನ್ನೇ ಕಡಿದುಹಾಕುವ ಪ್ರತ್ಯೇಕ ಥರ್ಮೋಸ್ಟಾಟ್. ಮೂರನೆಯವನು ಹಿಗ್ಗುಪಾತ್ರೆ ಹಾಗೂ ಸುರಕ್ಷಾ ಕವಾಟದ ಜೋಡಿ. ಕಾದ ನೀರು ಹಿಗ್ಗುವುದು ನೂರಕ್ಕೆ ಒಂದು ಒಂದೂವರೆ ಪಾಲಷ್ಟೇ. ಆದರೆ ಸುತ್ತಲೂ ಮುಚ್ಚಿದ ಕೊಳವೆಯಲ್ಲಿ ಅಷ್ಟಕ್ಕೇ ಒತ್ತಡ ಭರದಿಂದ ಏರುತ್ತದೆ. ನಾಲ್ಕನೆಯವನು ಪಂಪಿನ ವಿದ್ಯುತ್ತಿಗೆ ಭೂಸಂಪರ್ಕ ಮತ್ತು ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು. ಒಬ್ಬನು ತೂಕಡಿಸಿದರೆ ಇನ್ನೊಬ್ಬನು ಎದ್ದಿರಬೇಕೆಂಬುದೇ ಸುರಕ್ಷತೆಯ ಸಾರ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಆಗ ಆಗುವುದಿಷ್ಟೇ, ನೆಲ ಕೆಲವು ಗಂಟೆಗಳಲ್ಲಿ ಮೆಲ್ಲನೆ ಆರುತ್ತದೆ.

ಇನ್ನೊಂದು ಮಾತು. ನೆಲದಲ್ಲಿ ಸುತ್ತುವ ನೀರೇ ಬೇರೆ, ಸ್ನಾನಕ್ಕೆ ಬರುವ ನೀರೇ ಬೇರೆ ಎಂಬ ಮಡಿ ಇರಲೇಬೇಕು. ಉಗುರುಬೆಚ್ಚಗಿನ ನಿಂತ ನೀರು ಲೀಜಿಯೊನೆಲ್ಲ ಎಂಬ ರೋಗಾಣುವಿಗೆ ತವರುಮನೆ. ಆ ನೀರಿನ ತುಂತುರನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಅಪಾಯ. ಆದುದರಿಂದ ತೊಟ್ಟಿಯ ಕಾವು ತಾಮ್ರದ ಸುರುಳಿಯೊಂದರ ಮೂಲಕ ದಾಟಿಬರಬೇಕೇ ಹೊರತು ನೀರಿಗೆ ನೀರು ಬೆರೆಯಬಾರದು. ಬೋರಿನ ಸವಳು ನೀರಿಗಿಂತ ಸೋಸಿದ ಮಳೆಯ ನೀರನ್ನು ಒಮ್ಮೆ ತುಂಬಿದರೆ ಸುಣ್ಣಗಟ್ಟುವ ಭಯ ಬಹಳ ಕಡಿಮೆ. ಶೀತದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ರಾಸಾಯನಿಕಗಳನ್ನು ಬೆರೆಸುವುದುಂಟು, ಅವುಗಳಲ್ಲಿ ಕೆಲವು ವಿಷ. ಈ ಸೀಮೆಗೆ ಆ ಗೊಡವೆಯಿಲ್ಲ.

ಬೇಸಗೆಯಲ್ಲಿ?

ಹನ್ನೊಂದು ತಿಂಗಳು ಕೆಲಸವಿಲ್ಲದ ಕೊಳವೆಗೆ ಹಣ ಸುರಿಯಬೇಕೇ ಎಂದು ಗೃಹಿಣಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದೇ ಬಗೆಯ ಕೊಳವೆಯಲ್ಲಿ ತಣ್ಣೀರನ್ನು ಹರಿಸಿದರೆ ಕೋಣೆ ತಂಪಾಗುತ್ತದೆ. ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ಪೋಚಾರಂ ಆವರಣದಲ್ಲಿ 2011ರ ಹೊತ್ತಿಗೆ ಕಟ್ಟಡವೊಂದನ್ನು ಎರಡು ಸಮಭಾಗ ಮಾಡಿ, ಒಂದಕ್ಕೆ ಎಂದಿನ ಹವಾನಿಯಂತ್ರಣವನ್ನೂ ಇನ್ನೊಂದಕ್ಕೆ ಕಾಂಕ್ರೀಟಿನೊಳಗಿನ ಕೊಳವೆಗಳ ತಂಪನ್ನೂ ಕೊಟ್ಟು ಹೋಲಿಸಿತು. ಕೊಳವೆಯ ಭಾಗಕ್ಕೆ ವಿದ್ಯುತ್ತು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಸಾಕಾಯಿತು. 1981ರಲ್ಲಿ ಈ ಸಂಸ್ಥೆ ಹುಟ್ಟಿದಾಗ ಹತ್ತು ಸಾವಿರ ರೂಪಾಯಿಗಳ ಉಳಿತಾಯವನ್ನು ಬಂಡವಾಳವಾಗಿ ಕೊಟ್ಟ ಸುಧಾ ಮೂರ್ತಿಯವರು ಶಿಗ್ಗಾಂವಿಯಲ್ಲಿ ಹುಟ್ಟಿದವರೆಂಬುದು ಈ ಸೀಮೆಯವರಿಗೆ ಹೆಮ್ಮೆಯ ಸಂಗತಿ. ಮನೆಯಲ್ಲಿ ಇದನ್ನು ಅನುಸರಿಸುವವರು ನೆಲವನ್ನು 19 ಡಿಗ್ರಿಗಿಂತ ಕೆಳಗಿಳಿಸಬಾರದು. ಗಾಳಿ ತೇವವಾಗಿದ್ದರೆ ಅದಕ್ಕೂ ಮೊದಲೇ ನೆಲ ಬೆವರಿ ಕಾಲು ಜಾರುತ್ತದೆ. ಮಳೆಗಾಲದಲ್ಲಿ ಈ ತಂಪಿನ ಪ್ರಯೋಗ ಸಲ್ಲದು.

ಊರಿನ ಎಲ್ಲ ಮನೆಗಳ ನೆಲವನ್ನು ಕಾಯಿಸಬೇಕಾದಷ್ಟು ಚಳಿ ಈ ನಾಲ್ಕು ತಾಲೂಕುಗಳಲ್ಲಿಲ್ಲ. ಪಡಸಾಲೆಗೆ ಇದು ಬೇಡ, ನಡುಮನೆಗೂ ಬೇಡ. ಹೊಸದಾಗಿ ಕಟ್ಟುವ ಚಾಕಿ ಮನೆಗೆ, ಹೆರಿಗೆಯ ಆಸ್ಪತ್ರೆಯ ಒಂದು ಕೋಣೆಗೆ, ಮನೆಯಲ್ಲಾದರೆ ಬಾಣಂತಿಯೂ ಮುದುಕರೂ ಮಲಗುವ ಒಂದು ಕೋಣೆಗೆ ಇದು ತಕ್ಕುದು. ನೆಲ ಹಾಕುವ ಮೊದಲೇ ಯೋಚಿಸಿದರೆ ಸುಲಭ; ಹಾಕಿದ ಮೇಲೆ ಕಷ್ಟ.

ಅಂಥ ನೆಲವಿಲ್ಲದ ಮನೆಗಳಲ್ಲಿ ಈ ಚಳಿಗಾಲಕ್ಕೆ ಮಾಡಬಹುದಾದುದೂ ಉಂಟು. ಶೇಗಡಿಯನ್ನು ಅಂಗಳದಲ್ಲಿಟ್ಟು, ಅದರಲ್ಲಿ ಇಟ್ಟಿಗೆಯನ್ನೋ ಮರಳಿನ ಗಡಿಗೆಯನ್ನೋ ಕಾಯಿಸಿ, ಆ ಬಿಸಿಯ ವಸ್ತುವನ್ನು ಮಾತ್ರ ಹೊರಸಿನ ಕೆಳಗೆ ತಂದಿಡಲಿ; ಕೂಸಿನ ಕೈಕಾಲಿಗೆ ಎಟುಕದಂತೆ, ಹಾಸಿಗೆಗೆ ತಾಗದಂತೆ ನೋಡಿಕೊಳ್ಳಲಿ. ಕಿಟಕಿಯ ಒಂದು ಬಾಗಿಲು ಗೇಣಗಲವಾದರೂ ತೆರೆದಿರಲಿ. ಕೂಸನ್ನು ತಾಯಿಯ ಮೈಗೆ ಮೈ ತಾಗುವಂತೆ ಎದೆಯ ಮೇಲೆ ಮಲಗಿಸಲಿ. ಅದಕ್ಕಿಂತ ಹದವಾದ ಕಾವು ಇಲ್ಲವೆಂದು ವೈದ್ಯರೂ ಹೇಳುತ್ತಾರೆ. ಕೆಂಡ ಹೊರಗಿರಲಿ, ಕಾವು ಒಳಗಿರಲಿ.